ಮೂರನೇ ಮಹಡಿಯ ಕನೆಕ್ಸಿನ್

ಬುಡಾಪೆಸ್ಟಿನ ಎಂಟನೇ ವಾರ್ಡಿನಲ್ಲಿ ನಮ್ಮದು ಹಳೆಯ ಕಟ್ಟಡ:
ನಡುವೆ ಬಾವಿಯಂಥ ಅಂಗಳ, ಸುತ್ತ ಕಬ್ಬಿಣದ ಕಟಾಂಜನ,
ಮಹಡಿಗೆ ಒಂಬತ್ತು ಬಾಗಿಲು.
ಯಾರ ಮನೆಯಲ್ಲಿ ಈರುಳ್ಳಿ ಸೀದರೂ
ಎಲ್ಲರ ಬಟ್ಟೆಗೂ ವಾಸನೆ.

ಹದಿನೇಳರ ವೆಂಡೆಲ್ ಮಾಮ
ಮೂವತ್ತೊಂದು ವರ್ಷ ಟ್ರಾಮು ಓಡಿಸಿದವರು.
ಬೆಲ್ ಒತ್ತುವುದಿಲ್ಲ. ಬೆರಳ ಗಿಣ್ಣಿನಿಂದ ಎರಡು ಸಲ ಕುಟ್ಟಿ,
ತಡೆದು, ಇನ್ನೊಂದು.
ಒಮ್ಮೆ ಉಪ್ಪು, ಒಮ್ಮೆ ಏಣಿ, ಒಮ್ಮೆ ಸುಮ್ಮನೆ:
‘ಎಮೆಶೆ, ನಿನ್ನ ರೇಡಿಯೋದಲ್ಲೂ ನದಿ ಏರುತ್ತಿದೆಯಾ?’
ಕೊಂಡೊಯ್ದ ಬಟ್ಟಲು ಎಂದೂ ಬರಿದಾಗಿ ಬಂದದ್ದಿಲ್ಲ,
ತಳದಲ್ಲಿ ಪ್ಲಮ್ ಹಣ್ಣಿನ ಮುರಬ್ಬ.

ನವೆಂಬರಿನಿಂದ ಕುಟ್ಟುವ ಲೆಕ್ಕ ತಪ್ಪತೊಡಗಿತು.
ಹದಿನಾಲ್ಕರ ಬೀಗಕ್ಕೆ ತಮ್ಮ ಕೀಲಿ ತುರುಕಿ ಬೈದುಕೊಂಡರು.
ಒಂದು ರಾತ್ರಿ ಟೊಪ್ಪಿಗೆ ಕೈಯಲ್ಲಿ ಹಿಡಿದು ನನ್ನ ಹೊಸ್ತಿಲಲ್ಲಿ ನಿಂತು
‘ಇದು ಯಾವ ಸ್ಟಾಪು?’ ಎಂದರು.

ನನ್ನ ಕೆಲಸ, ಮೇಣದಲ್ಲಿ ಹುಗಿದ ಮಿದುಳ ಚೂರನ್ನು
ಕೂದಲಿಗಿಂತ ತೆಳ್ಳಗೆ ಸೀಳುವುದು;
ಬೆಚ್ಚನೆ ನೀರಿನಲ್ಲಿ ತೇಲಿಸಿ, ಉಸಿರು ಬಿಗಿಹಿಡಿದು,
ಹಾಲಿನ ಕೆನೆ ಎತ್ತಿದ ಹಾಗೆ ಗಾಜಿಗೆ ಎತ್ತಿಕೊಳ್ಳುವುದು.
ಗಾಜಿನ ಮೇಲೆ ಹೆಸರಿಲ್ಲ, ನಂಬರು.
ಯಾರದೆಂದು ಕೇಳುವುದಿಲ್ಲ. ಕೇಳೆನೆಂದು ಸಹಿ ಹಾಕಿದ್ದೇನೆ.

ಹುಡುಕುವುದು ಒಂದು ಪ್ರೋಟೀನು, ಕನೆಕ್ಸಿನ್.
ಆರು ಸೇರಿ ಕೋಶದ ಗೋಡೆಯಲ್ಲಿ ದುಂಡಗೆ ನಿಲ್ಲುತ್ತವೆ,
ನಡುವೆ ಒಂದು ಕಿಂಡಿ.
ಆಚೆಮನೆಯ ಆರು ಎದುರಿಗೆ ಬಂದು ನಿಂತವೋ,
ಎರಡು ಅರೆಬಾಗಿಲು ಕೂಡಿ ಒಂದು ದಾರಿ.
ಉಪ್ಪು ದಾಟುತ್ತದೆ, ಸಕ್ಕರೆ ದಾಟುತ್ತದೆ,
‘ಇಲ್ಲಿ ನೋವು’ ಎಂಬ ಸುದ್ದಿ ದಾಟುತ್ತದೆ.
ಮಿದುಳು ಬದುಕುವುದೇ ಈ ಕೊಡುಕೊಳ್ಳುವಿಕೆಯಿಂದ
ಎಂದು ಬರೆದು ನಾನು ಪಾಸಾಗಿದ್ದೆ.

ಗೆಡ್ಡೆಗೂ ಅದು ಗೊತ್ತು.
ಅದು ಹೊಸದೇನನ್ನೂ ಕಂಡುಹಿಡಿಯಲಿಲ್ಲ.
ನೂಲಿನಂಥ ಉದ್ದುದ್ದ ಕೈ ಚಾಚಿ, ಕೈ ಕೈ ಕೂಡಿದಲ್ಲೆಲ್ಲ
ಇದೇ ಕಿಂಡಿ ಕೂರಿಸುತ್ತದೆ.
ವಿಕಿರಣ ಬಿದ್ದರೆ, ಸುಟ್ಟವನ ಸಂಕಟ
ನೂರು ಮನೆಗೆ ಹಂಚಿಹೋಗುತ್ತದೆ,
ಸಾಯಬೇಕಾದವನು ಬೆಳಗಿಗೆ ಎದ್ದು ಕೂರುತ್ತಾನೆ.
ಒಂಟಿಯಾದದ್ದು ಬೇಗ ಸಾಯುತ್ತದೆ.

ಅದನ್ನು ಮೊದಲು ಕಂಡ ರಾತ್ರಿ ನನಗೆ ಸಿಟ್ಟು ಬಂತು,
ಗೆಡ್ಡೆಯ ಮೇಲಲ್ಲ, ಒಳ್ಳೆಯತನದ ಮೇಲೆ.
ಇಷ್ಟು ಸಡಿಲವೇ ಅದು,
ಯಾರು ಕರೆದರೂ ಹೋಗುವಷ್ಟು?

‘ಬಾಗಿಲು ಮುಚ್ಚುವ ಔಷಧ ಇದೆ,’ ಎಂದಳು ಓರ್ಶೊಯಾ,
‘ತಟ್ಟೆಯಲ್ಲಿ ಕೆಲಸ ಮಾಡುತ್ತದೆ.’
‘ಪಕ್ಕದ ಒಳ್ಳೆಯ ಕೋಶಗಳ ಬಾಗಿಲು?’
‘ಹೂಂ,’ ಎಂದು ಚಹಾ ಊದಿದಳು.
ಕೆಲವು ಗೆಡ್ಡೆಗಳಲ್ಲಿ ಇದೇ ಪ್ರೋಟೀನು
ಬೆಳವಣಿಗೆಗೆ ಅಡ್ಡಗಾಲು ಹಾಕುವುದೂ ಉಂಟಂತೆ.
ಪ್ರಬಂಧಗಳಿಗೆ ಒಂದಕ್ಕೊಂದು ಮಾತಿಲ್ಲ.

ಇವತ್ತಿನ ಗಾಜಿನಲ್ಲಿ ಹಸಿರು ಚುಕ್ಕಿ ನಾನೂರ ಹನ್ನೆರಡು.
ಎರಡು ಸಲ ಎಣಿಸಿದೆ. ನಂಬರನ್ನು ಎರಡು ಸಲ ಓದಿದೆ.
ಓದಬಾರದಿತ್ತು; ಅದರಲ್ಲಿ ಏನೂ ಬರೆದಿರಲಿಲ್ಲ.

ಆಸ್ಪತ್ರೆಯಿಂದ ಬಂದವರು ಟೊಪ್ಪಿಗೆ ಎತ್ತಿ ಹೊಲಿಗೆ ತೋರಿಸಿದರು:
‘ಸೇತುವೆ ಇಳಿದ ಮೇಲೆ ಹಳಿ ಹೀಗೇ ತಿರುಗುತ್ತದೆ.
ನಿಧಾನಿಸಬೇಕು ಅಲ್ಲಿ.’
ಅವರ ಬಾಗಿಲಿಗೆ ಕೆಂಪು ರಿಬ್ಬನ್ ಕಟ್ಟಿದ್ದೇವೆ.
ಕೀಲಿಯ ಪ್ರತಿ ನಾಲ್ಕು ಮನೆಯಲ್ಲಿದೆ.
ಹದಿನೈದರವಳು ಸೂಪು ಇಡುತ್ತಾಳೆ,
ಹತ್ತೊಂಬತ್ತರ ಹುಡುಗ ಮಾತ್ರೆ ಎಣಿಸುತ್ತಾನೆ,
ರಾತ್ರಿಯ ಕೂಗು ಯಾರ ಗೋಡೆಗೆ ಮೊದಲು ತಾಗುತ್ತದೋ
ಅವರು ಏಳುತ್ತಾರೆ.

ನಿನ್ನೆ ಎರಡು ಸಲ ಕುಟ್ಟಿದ ಸದ್ದು.
ಮೂರನೆಯದಕ್ಕೆ ಕಾದೆ.
ಬರಲಿಲ್ಲ.
ಎದ್ದು ಅಗುಳಿ ತೆಗೆದರೆ
ಮಾಮನ ಕೈಯಲ್ಲಿ ಬಟ್ಟಲು, ಬರಿದು.
ಏನು ಕೇಳಲು ಬಂದದ್ದೆಂದು ಮರೆತಿದ್ದರು.

ಉಪ್ಪು ತುಂಬಿಸಿ ಕೊಟ್ಟೆ.